ಮತ್ತ ಯಾವಾಗ ಬರಲಿ, ಸಾಹೇಬ್ರ?

ಬೆಳಗಿನ ಜಾವ ಹೊಟ್ಟೆ ಹಿಂಡಿದಂತಾಗಿ ಎಚ್ಚರವಾಗುತ್ತದೆ. ಗಂಟಲು ನೋಯುತ್ತದೆ, ಎರಡು ಸಲ ವಾಂತಿಯಾಗುತ್ತದೆ. ಮೈಮೇಲೆ ಎಲ್ಲೂ ಗಾಯವಿಲ್ಲ, ಬಾವು ಇಲ್ಲ. ರಾತ್ರಿ ಉಂಡ ಊಟದ ಮೇಲೆ ಅನುಮಾನ ಹೋಗುತ್ತದೆ. ಮನೆಯವರು ಸೋಡಾ ಕುಡಿಸುತ್ತಾರೆ. ಹತ್ತಿರದ ದವಾಖಾನೆಯಲ್ಲಿ ಆಸಿಡಿಟಿಗೆಂದು ಒಂದು ಸೂಜಿ ಮಾಡಿ ಕಳಿಸುತ್ತಾರೆ. ಮುಂದೆ ಕೆಲವು ತಾಸಿನಲ್ಲಿ ಕಣ್ಣಿನ ರೆಪ್ಪೆ ತಾನಾಗಿ ಇಳಿಬೀಳುತ್ತದೆ, ಉಗುಳು ನುಂಗಲು ಬರುವುದಿಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ. ಇದು ಕಟ್ಟುಹಾವಿನ ಕಡಿತ. ಕಡಂಬಳ ಎಂದೂ ಕರೆಯುವ ಈ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ ಗುರುತು ಕಾಣದಷ್ಟು ಸಣ್ಣದು, ನೋವೂ ಅಷ್ಟಾಗಿ ಇರುವುದಿಲ್ಲ. ಎಷ್ಟೋ ಜನಕ್ಕೆ ಎಚ್ಚರವೇ ಆಗುವುದಿಲ್ಲ.

ಕೇಳುಗರೇ, ಈ ರೋಗಿಯ ಜೀವ ನಿಂತಿರುವುದು ಯಾವ ದೊಡ್ಡ ಯಂತ್ರದ ಮೇಲೂ ಅಲ್ಲ. "ರಾತ್ರಿ ಎಲ್ಲಿ ಮಲಗಿದ್ರಿ?" ಎಂದು ಯಾರಾದರೂ ಕೇಳಿದರೆ, "ಹೊಲದಾಗ, ಗುಡಸಲದಾಗ, ನೆಲದ ಮ್ಯಾಲ" ಎಂಬ ಉತ್ತರ ಬರುತ್ತದೆ. ಆಗ ವೈದ್ಯರು ರೆಪ್ಪೆಗಳನ್ನು ಎತ್ತಿ ನೋಡುತ್ತಾರೆ, ಪ್ರತಿವಿಷ ಸಿಗುವ ತಾಲೂಕು ಆಸ್ಪತ್ರೆಗೆ ಕೂಡಲೇ ಕಳಿಸುತ್ತಾರೆ. ಆ ಪ್ರಶ್ನೆ ಕೇಳಲು ಹತ್ತು ಸೆಕೆಂಡು ಸಾಕು. ಆದರೆ ಹೊರರೋಗಿ ವಿಭಾಗದಲ್ಲಿ, ನಾವೆಲ್ಲ ಒಪಿಡಿ ಎನ್ನುವ ಆ ಸಾಲಿನಲ್ಲಿ, ಹತ್ತು ಸೆಕೆಂಡಿಗೂ ಬರ.

ಬಯಲುಸೀಮೆಯ ಲೆಕ್ಕದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಸರ್ಕಾರಿ ದವಾಖಾನೆಗಾದರೂ ಸಂತೆಯ ದಿನ ಹೋಗಿ ನೋಡಿ. ಸಂತೆಗೆ ಬಂದವರು ಮೈಯನ್ನೂ ತೋರಿಸಿಕೊಂಡು ಹೋಗಬೇಕೆಂದು ಬಾಗಿಲಿನಾಚೆಗೂ ನಿಂತಿರುತ್ತಾರೆ. ಹಲವು ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ಒಂದು ಅಧ್ಯಯನದ ಪ್ರಕಾರ, ಭಾರತದಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಎರಡು ನಿಮಿಷದ ಆಸುಪಾಸು. ಆ ಎರಡು ನಿಮಿಷದಲ್ಲಿ ಕೇಳಬೇಕು, ಮುಟ್ಟಿ ನೋಡಬೇಕು, ಯೋಚಿಸಬೇಕು, ಬರೆಯಬೇಕು, ತಿಳಿಸಿ ಹೇಳಬೇಕು.

2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನವನ್ನು ರೋಗನಿರ್ಣಯದ ವಿಷಯಕ್ಕೇ ಮೀಸಲಿಟ್ಟಿತು. ಅಮೆರಿಕದಲ್ಲಿ ನಡೆದ ಲೆಕ್ಕಾಚಾರದಂತೆ, ಅಲ್ಲಿ ಹೊರರೋಗಿಗಳಾಗಿ ಬರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತಕ್ಕೆ ಒಬ್ಬರ ರೋಗ ತಪ್ಪಾಗಿ ಅಥವಾ ತಡವಾಗಿ ಗುರುತಾಗುತ್ತದೆ. ಅಷ್ಟು ಹಣ, ಅಷ್ಟು ಯಂತ್ರ ಇರುವ ದೇಶದಲ್ಲಿ! ಅದೇ ತಂಡದವರು ಇಂಥ ತಪ್ಪುಗಳ ಬೇರು ಹುಡುಕಿದಾಗ, ಐದರಲ್ಲಿ ನಾಲ್ಕರಷ್ಟು ಪ್ರಕರಣಗಳಲ್ಲಿ ಎಡವಟ್ಟಾದದ್ದು ರೋಗಿ ಮತ್ತು ವೈದ್ಯರು ಎದುರುಬದುರು ಕೂತ ಆ ಭೇಟಿಯಲ್ಲೇ ಎಂದು ಕಂಡಿತು. ಕೇಳಬೇಕಾದದ್ದನ್ನು ಕೇಳಲಿಲ್ಲ, ನೋಡಬೇಕಾದದ್ದನ್ನು ನೋಡಲಿಲ್ಲ, ಮಾಡಿಸಬೇಕಾದ ಪರೀಕ್ಷೆಯನ್ನು ಬರೆಯಲಿಲ್ಲ. ಹಾಗಾಗಿ ನಾನು ಇಂದು ಸ್ಕ್ಯಾನಿಂಗ್ ಯಂತ್ರಗಳ ಬಗ್ಗೆ ಮಾತಾಡುವುದಿಲ್ಲ. ಆ ಎರಡು ನಿಮಿಷದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆಮೇಲಿನ ಎರಡು ಮೂರು ದಿನಗಳ ಬಗ್ಗೆ ಮಾತಾಡುತ್ತೇನೆ.

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೇಳಿಬರುವ ರೋಗನಿರ್ಣಯ ಯಾವುದು? "ಟೈಫಾಯ್ಡ್ ಆಗೇತಿ." ಜ್ವರ ಬಂದು ಮೂರನೆಯ ದಿನಕ್ಕೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟರೆ ಸಂಜೆಗೆ ಚೀಟಿ ಬರುತ್ತದೆ, ವಿಡಾಲ್ ಪಾಸಿಟಿವ್. ಮರುದಿನದಿಂದ ಸಲಾಯಿನ್ ಬಾಟಲಿ, ಐದು ದಿನ ಸೂಜಿ. ಈ ವಿಡಾಲ್ ಪರೀಕ್ಷೆ 1896ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು. ಅದು ನೋಡುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ನಮ್ಮ ರಕ್ತ ಕಟ್ಟಿಕೊಂಡ ಪ್ರತಿಕಾಯಗಳನ್ನು. ಎಂದೋ ಆಗಿಹೋದ ಟೈಫಾಯ್ಡಿನ ಪ್ರತಿಕಾಯಗಳು ಇಂದಿಗೂ ಉಳಿದಿರಬಹುದು, ಲಸಿಕೆಯಿಂದ ಬಂದಿರಬಹುದು, ಬೇರೊಂದು ಜ್ವರದಲ್ಲೂ ಏರಬಹುದು. ನಿಜವಾದ ಟೈಫಾಯ್ಡಿನ ಮೊದಲ ವಾರದಲ್ಲಿ ಅವು ಕಾಣದೆಯೂ ಇರಬಹುದು. ಒಂದೇ ಸಲ ಮಾಡಿಸಿದ ವಿಡಾಲನ್ನು ನಂಬಿ ಜ್ವರಕ್ಕೆ ಹೆಸರಿಡುವುದು ಅಪಾಯ. ಮೊದಲ ವಾರದಲ್ಲಿ ರಕ್ತವನ್ನು ಕಲ್ಚರಿಗೆ ಕಳಿಸುವುದು ಸರಿಯಾದ ದಾರಿ, ಅದೂ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು.

ಹೆಸರು ತಪ್ಪಾದರೆ ಏನಾಗುತ್ತದೆ? 1992ರಲ್ಲಿ ಮುಂಬೈಯ ಒಬ್ಬ ಗೃಹಸ್ಥರಿಗೆ ಜ್ವರ ಬಂತು. ಹೋಮಿಯೋಪಥಿ ಕಲಿತ ವೈದ್ಯರೊಬ್ಬರು ಮೊದಲು ವೈರಲ್ ಜ್ವರವೆಂದು, ಆಮೇಲೆ ಟೈಫಾಯ್ಡ್ ಎಂದು ಅಲೋಪಥಿ ಔಷಧ ಕೊಟ್ಟರು. ಹತ್ತೇ ದಿನದಲ್ಲಿ ಆ ರೋಗಿ ತೀರಿಕೊಂಡರು. ಅವರ ಪತ್ನಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1996ರಲ್ಲಿ ಕೋರ್ಟು ಪರಿಹಾರ ಕೊಡಿಸಿತು. ಒಂದು ಪದ್ಧತಿಯಲ್ಲಿ ಕಲಿತವರು ಇನ್ನೊಂದು ಪದ್ಧತಿಯ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದು ಹೇಳಿತು. ನಮ್ಮ ಹಳ್ಳಿಗಳಲ್ಲಿ ಆರ್‌ಎಂಪಿ ಡಾಕ್ಟರ್ ಎಂದು ಕರೆಸಿಕೊಳ್ಳುವವರ ಬಳಿ ಜನ ಏಕೆ ಹೋಗುತ್ತಾರೆಂದು ನನಗೆ ಗೊತ್ತು. ರಾತ್ರಿ ಹನ್ನೊಂದಕ್ಕೂ ಬಾಗಿಲು ತೆಗೆಯುವವರು ಅವರು, ಉದ್ದರಿ ಕೊಡುವವರೂ ಅವರೇ. ಆದರೆ ಜ್ವರಕ್ಕೆ ಸೂಜಿ ಮಾಡಿ ಮೈ ತಣ್ಣಗೆ ಮಾಡುವುದು ಬೇರೆ, ಜ್ವರ ಯಾವುದೆಂದು ಕಂಡುಹಿಡಿಯುವುದು ಬೇರೆ. ಸೂಜಿಯಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಜ್ವರ ಇಳಿದಂತೆ ಕಂಡು ರೋಗ ಒಳಗೆ ಬೆಳೆಯುತ್ತದೆ. ಆಮೇಲೆ ನೋಡುವ ವೈದ್ಯರಿಗೆ ಗುರುತುಗಳೇ ಸಿಗುವುದಿಲ್ಲ.

ಜ್ವರದ ಮಾತು ಮುಗಿಸುವ ಮೊದಲು ಪರದೆಯ ಬಗ್ಗೆ ಒಂದು ಮಾತು. ಸ್ಕ್ರಬ್ ಟೈಫಸ್ ಎಂಬ ಜ್ವರ ಕರ್ನಾಟಕದಲ್ಲೂ ಇದೆ. ಹುಲ್ಲು ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿ ಬರುವಂಥದು. ಹೆಸರಿನಲ್ಲಿ ಸಾಮ್ಯವಿದ್ದರೂ ಟೈಫಾಯ್ಡಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಔಷಧ ಡಾಕ್ಸಿಸೈಕ್ಲಿನ್, ಅಗ್ಗದ ಗುಳಿಗೆ. ಇದರ ಗುರುತು ಹುಳ ಕಚ್ಚಿದಲ್ಲಿ ಏಳುವ, ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಹಕ್ಕಳೆ. ಅದು ಇರುವುದು ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಎದೆಯ ಕೆಳಗೆ. ಕಳೆ ತೆಗೆಯಲು ಹೋದ ಹೆಣ್ಣುಮಗಳು ಜ್ವರವೆಂದು ಬಂದಾಗ, ಹತ್ತು ಜನ ಸುತ್ತ ನಿಂತಿರುವ ಕೋಣೆಯಲ್ಲಿ, ಪುರುಷ ವೈದ್ಯರ ಮುಂದೆ ಆಕೆ ಕಂಕುಳನ್ನು ತೋರಿಸುವುದಾದರೂ ಹೇಗೆ? ಎದೆಯಲ್ಲಿ ಗಂಟಾದ ಇನ್ನೊಬ್ಬಳು ಅದನ್ನು ಹೇಗೆ ತೋರಿಸಿಯಾಳು? ಒಂದು ಪರದೆ, ಒಂದು ಮಂಚ, ಪಕ್ಕದಲ್ಲಿ ಒಬ್ಬ ನರ್ಸಕ್ಕ. ಲಕ್ಷಾಂತರದ ಯಂತ್ರ ಬರುವ ಮೊದಲು ಇಷ್ಟು ಪ್ರತಿ ದವಾಖಾನೆಗೂ ಬರಬೇಕು. ಪಂಚಾಯಿತಿ ಸದಸ್ಯರು ಕೇಳುತ್ತಿದ್ದರೆ ದಯವಿಟ್ಟು ನಿಮ್ಮ ಊರಿನ ಕೇಂದ್ರಕ್ಕೆ ಹೋಗಿ ನೋಡಿ, ಪರದೆ ಇದೆಯೇ ಎಂದು.

ಇನ್ನು ಕೆಮ್ಮು. ರಾಮದುರ್ಗದ ನೇಕಾರ ಕೆಮ್ಮುತ್ತಿದ್ದರೆ "ಅರಳಿ ಧೂಳಿನ ಕೆಮ್ಮು" ಎನ್ನುತ್ತಾರೆ. ಕಬ್ಬು ಕಡಿಯಲು ಬಂದ ಗ್ಯಾಂಗಿನವನು ಕೆಮ್ಮುತ್ತಿದ್ದರೆ "ಬೀಡಿ ಕೆಮ್ಮು" ಎನ್ನುತ್ತಾರೆ. ಎರಡೂ ನಿಜವಿರಬಹುದು, ಅದರ ಜೊತೆಗೆ ಕ್ಷಯವೂ ಇರಬಹುದು. ಒಂದು ಕಾರಣ ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದನ್ನು ನಿಲ್ಲಿಸುವುದು ರೋಗನಿರ್ಣಯದಲ್ಲಿ ಅತಿ ಸಾಮಾನ್ಯವಾದ ತಪ್ಪು. 2015ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ ತರಬೇತಿ ಪಡೆದವರನ್ನು ಕ್ಷಯದ ಲಕ್ಷಣ ಹೇಳಿಕೊಳ್ಳುವ ರೋಗಿಗಳಂತೆ ಖಾಸಗಿ ಚಿಕಿತ್ಸಾಲಯಗಳಿಗೆ ಕಳಿಸಿದರು. 250 ಭೇಟಿಗಳಲ್ಲಿ ಸರಿಯಾದ ದಾರಿ ಹಿಡಿದದ್ದು 52ರಲ್ಲಿ ಮಾತ್ರ. ಉಳಿದವರಲ್ಲಿ ಎಷ್ಟೋ ಜನ ಕೆಮ್ಮಿಗೆ ಬಲವಾದ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸಿದರು. ಅವುಗಳಲ್ಲಿ ಕೆಲವು ಕ್ಷಯವನ್ನು ಸ್ವಲ್ಪ ದಿನ ಅಡಗಿಸಿಡುತ್ತವೆ. ರೋಗಿಗೆ ಆರಾಮವೆನಿಸುತ್ತದೆ, ಮನೆಯ ಮಕ್ಕಳಿಗೆ ಸೋಂಕು ತಗಲುತ್ತಲೇ ಇರುತ್ತದೆ.

ಕೆಮ್ಮು ಎರಡು ವಾರ ದಾಟಿದರೆ ಕಫದ ಪರೀಕ್ಷೆ ಆಗಲೇಬೇಕು, ಧೂಳಿರಲಿ, ಬೀಡಿ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರ ಬ್ಯಾಟರಿಯ ಮೇಲೂ ನಡೆಯುತ್ತದೆ. ಕಫದಲ್ಲಿ ಕ್ಷಯದ ರೋಗಾಣು ಇದೆಯೇ, ಮುಖ್ಯ ಔಷಧಕ್ಕೆ ಬಗ್ಗುತ್ತದೆಯೇ ಎಂಬುದನ್ನು ಅದೇ ದಿನ ಹೇಳಬಲ್ಲದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿಕೊಂಡಿತು. ಕ್ಷಯಕ್ಕೆ ಖಾಸಗಿ ಲ್ಯಾಬುಗಳಲ್ಲಿ ಮಾಡುತ್ತಿದ್ದ ಪ್ರತಿಕಾಯದ ರಕ್ತಪರೀಕ್ಷೆಗಳು ತಪ್ಪು ಉತ್ತರ ಕೊಡುತ್ತಿದ್ದುದರಿಂದ 2012ರಲ್ಲೇ ಕೇಂದ್ರ ಸರ್ಕಾರ ಅವನ್ನು ನಿಷೇಧಿಸಿತು. ವಿಡಾಲ್ ಚೀಟಿಯನ್ನು ಕಣ್ಣುಮುಚ್ಚಿ ನಂಬುವವರು ಈ ನಿಷೇಧವನ್ನು ನೆನಪಿಡಬೇಕು. ಲ್ಯಾಬಿನ ಚೀಟಿಯೂ ತಪ್ಪು ಹೇಳಬಲ್ಲದು.

ಎದೆನೋವಿನ ವಿಷಯ ನಿಮಗೆ ಗೊತ್ತಿರುವುದೇ. "ಗ್ಯಾಸ್ ಆಗೇತಿ" ಎಂದು ಓಮಕಾಳು ತಿಂದು ಮಲಗಿದವರ ಕಥೆ ಪ್ರತಿ ಊರಿನಲ್ಲೂ ಇದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಣ್ಣುಮಕ್ಕಳಲ್ಲಿ ಹೃದಯಾಘಾತಕ್ಕೆ ಎದೆನೋವೇ ಇಲ್ಲದಿರಬಹುದು. ಬರೀ ಬೆವರು, ದಮ್ಮು, ಸುಸ್ತು, ಹೊಟ್ಟೆಯ ಮೇಲ್ಭಾಗದ ಉರಿ. ಇಸಿಜಿ ತೆಗೆಯಲು ಐದು ನಿಮಿಷ ಸಾಕು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸಾಪಿನಲ್ಲಿ ಪಟ್ಟಿ ತರಿಸಿಕೊಂಡು ಸಲಹೆ ಕೊಡುವ ಕೆಲಸವನ್ನು 2018ರ ಸುಮಾರಿಗೆ ಆರಂಭಿಸಿ ತೋರಿಸಿದರು. ಈಗ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಉಚಿತವಾಗಿ ಕೊಡುತ್ತಾರೆ. ಇಲ್ಲೊಂದು ಮಾತು ಗಮನಿಸಿ: ಮೊದಲ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲ ಎನ್ನುವಂತಿಲ್ಲ. ನೋವು ಉಳಿದಿದ್ದರೆ ಸ್ವಲ್ಪ ಹೊತ್ತಿಗೆ ಮತ್ತೊಂದು ತೆಗೆಯಬೇಕು. "ಇಸಿಜಿ ನಾರ್ಮಲ್ ಐತಿ, ಮನಿಗೆ ಹೋಗ್ರಿ" ಎಂದರೆ, "ನೋವು ಹಂಗ ಐತ್ರಿ, ಇನ್ನೊಮ್ಮೆ ತಗೀತೀರೇನ್ರಿ?" ಎಂದು ಕೇಳಲು ಸಂಕೋಚಪಡಬೇಡಿ.

ಮಕ್ಕಳ ನ್ಯುಮೋನಿಯಾ ಗುರುತಿಸಲು ಗಡಿಯಾರವೊಂದಿದ್ದರೆ ಆಯಿತು. ಕೆಮ್ಮುವ ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರೆಣಿಸಬೇಕು. ಎರಡು ತಿಂಗಳಿನಿಂದ ವರ್ಷದೊಳಗಿನ ಕೂಸಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ಬರೀ ನೆಗಡಿಯಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60. ತಾಯಂದಿರು ಮನೆಯಲ್ಲೇ ಎಣಿಸಬಹುದು.

ಈಗ ನಮ್ಮ ಜಿಲ್ಲೆಯದೇ ಒಂದು ಅನುಭವಕ್ಕೆ ಬರುತ್ತೇನೆ. ಇದು ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದ ಅನುಭವ. ಗರ್ಭಿಣಿಯರಿಗೆ ಬಿಪಿ ಏರಿ ಬರುವ ರೋಗ ತಾಯಿ ಮಗು ಇಬ್ಬರನ್ನೂ ಕೊಲ್ಲುತ್ತದೆ. ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖದ ಬಾವು ಇದರ ಲಕ್ಷಣಗಳು. ಎಲ್ಲಕ್ಕೂ "ಬಸರಿಗೆ ಇವೆಲ್ಲಾ ಇರೂವನ" ಎಂಬ ಸಮಾಧಾನ ಸಿದ್ಧವಾಗಿರುತ್ತದೆ. 2014ರ ಬಳಿಕ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನ ಸಂಶೋಧಕರು ಕೆನಡಾದ ವಿಶ್ವವಿದ್ಯಾಲಯದೊಂದಿಗೆ ಸೇರಿ ಕ್ಲಿಪ್ ಎಂಬ ಪ್ರಯೋಗ ನಡೆಸಿದರು. ಆಶಾ ಕಾರ್ಯಕರ್ತೆಯರು, ನರ್ಸಕ್ಕಂದಿರು ಮನೆಗೇ ಹೋಗಿ ಬಿಪಿ ನೋಡುವುದು, ಮೊಬೈಲಿನ ಆ್ಯಪಿನಲ್ಲಿ ಲಕ್ಷಣಗಳನ್ನು ತುಂಬುವುದು, ಅಪಾಯವಿದ್ದರೆ ಅಲ್ಲೇ ಮೊದಲ ಔಷಧ ಕೊಟ್ಟು ಆಸ್ಪತ್ರೆಗೆ ಕಳಿಸುವುದು. ಇದೇ ಪ್ರಯೋಗ ಪಾಕಿಸ್ತಾನದಲ್ಲೂ ಮೊಜಾಂಬಿಕ್‌ನಲ್ಲೂ ನಡೆಯಿತು.

2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರೂ ದೇಶಗಳನ್ನು ಸೇರಿಸಿ ನೋಡಿದಾಗ ಸಾವು ನೋವಿನ ಒಟ್ಟು ಪ್ರಮಾಣ ಇಳಿದಿರಲಿಲ್ಲ. ಯಂತ್ರ, ಆ್ಯಪು, ತರಬೇತಿ ಎಲ್ಲ ಇದ್ದೂ ಇಳಿಯಲಿಲ್ಲ. ಆದರೆ ಅದೇ ಲೆಕ್ಕದೊಳಗೆ ಇನ್ನೊಂದು ಸಂಗತಿ ಕಂಡಿತು: ಎಂಟು ಅಥವಾ ಹೆಚ್ಚು ಸಲ ಹೀಗೆ ಪರೀಕ್ಷೆಯಾದ ಗರ್ಭಿಣಿಯರಲ್ಲಿ ಹೊಟ್ಟೆಯಲ್ಲೇ ಶಿಶು ಸಾಯುವುದು ಕಡಿಮೆಯಿತ್ತು. ಒಮ್ಮೆ ಇಮ್ಮೆ ನೋಡಿದರೆ ಯಾವ ಸಾಧನವೂ ರೋಗವನ್ನು ಹಿಡಿಯಲಾರದು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಬಿಪಿ ಇಂದು ಸರಿಯಿದ್ದು ಹತ್ತು ದಿನಕ್ಕೆ ಏರಬಹುದು. ಇಂದಿನ ಜ್ವರ ನಾಳೆ ತನ್ನ ಗುರುತು ತೋರಬಹುದು. ಮೊದಲ ಭೇಟಿಯಲ್ಲಿ ವೈದ್ಯರು ಹೇಳುವುದು ಅಂದಾಜು, ಅದು ಒಳ್ಳೆಯ ಅಂದಾಜೇ ಇರಬಹುದು. ಅದನ್ನು ನಿರ್ಣಯವಾಗಿಸುವುದು ಎರಡನೆಯ ನೋಟ. ಒಪಿಡಿಯ ಸುರಕ್ಷತೆಯೆಲ್ಲ ಆ ಎರಡನೆಯ ನೋಟದಲ್ಲಿದೆ ಎಂದು ನನ್ನ ನಂಬಿಕೆ. ನಮ್ಮಲ್ಲಿ ಅತಿ ಸುಲಭವಾಗಿ ತಪ್ಪಿಹೋಗುವುದೂ ಅದೇ.

ಏಕೆ ತಪ್ಪುತ್ತದೆ? ಎರಡು ದಿನಕ್ಕೆ ಆರಾಮಾಗದಿದ್ದರೆ ನಾವು ಅದೇ ವೈದ್ಯರ ಬಳಿ ಮರಳುವುದಿಲ್ಲ. "ಅವರ ಕೈಗುಣ ಆಗಿ ಬರಲಿಲ್ಲ" ಎಂದು ದವಾಖಾನೆ ಬದಲಿಸುತ್ತೇವೆ. ಒಂದು ಕಾಲಕ್ಕೆ ಮಿರಜಿನ ವಾನ್‌ಲೆಸ್ ಆಸ್ಪತ್ರೆಗೆ ಹೋಗಿ ತೋರಿಸಿದೆವು ಎಂದರೆ ಅದೇ ಕೊನೆಯ ಮಾತು. ಈಗ ಬೈಲಹೊಂಗಲದವರು ಬೆಳಗಾವಿಗೆ, ಕಿತ್ತೂರು ಸವದತ್ತಿಯವರು ಧಾರವಾಡ ಹುಬ್ಬಳ್ಳಿಗೆ, ರಾಮದುರ್ಗದವರು ಬಾಗಲಕೋಟೆಗೂ ಹೋಗುತ್ತಾರೆ. ಹೋಗುವುದು ತಪ್ಪಲ್ಲ. ಆದರೆ ಹೋಗುವಾಗ ಹಳೆಯ ಚೀಟಿಗಳನ್ನು ಮನೆಯ ಜಂತಿಯಲ್ಲೇ ಬಿಟ್ಟು ಹೋಗುತ್ತೇವೆ. ಮೊದಲ ವೈದ್ಯರು ಕೊಟ್ಟದ್ದನ್ನು ಹೇಳಿದರೆ ಎರಡನೆಯವರು ಬೇಸರಪಟ್ಟಾರು ಎಂಬ ಭಯದಿಂದ ಮುಚ್ಚಿಯೂ ಇಡುತ್ತೇವೆ. ಹೊಸ ವೈದ್ಯರು ಮತ್ತೆ ಮೊದಲ ದಿನದಿಂದ ಶುರು ಮಾಡುತ್ತಾರೆ. ಐದನೆಯ ದಿನದ ಜ್ವರ ಅವರ ಕಾಗದದಲ್ಲಿ ಮೊದಲ ದಿನದ ಜ್ವರವಾಗುತ್ತದೆ. ಡೆಂಗಿಯಲ್ಲಿ ಈ ಲೆಕ್ಕ ಜೀವದ ಲೆಕ್ಕ: ಮೊದಲ ಐದು ದಿನಗಳಿಗೆ ಒಂದು ಬಗೆಯ ಪರೀಕ್ಷೆ, ಆಮೇಲೆ ಇನ್ನೊಂದು. ಜ್ವರ ಇಳಿದ ಮೇಲೆಯೇ ಅದರ ಅಪಾಯದ ದಿನಗಳು ಬರುತ್ತವೆ. "ಜ್ವರಾ ಬಿಟ್ಟೈತಿ" ಎಂದು ಹೊಲಕ್ಕೆ ಹೊರಟವರು ಹೊಟ್ಟೆನೋವು, ಬಿಡದ ವಾಂತಿ, ಒಸಡಿನ ರಕ್ತ, ಮಂಪರು ಕಂಡರೆ ತಡ ಮಾಡದೆ ಮರಳಬೇಕು.

ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರ ನಡುವೆ ಜಡ್ಡು ಬಿದ್ದವರನ್ನು ನೋಡುವ ವೈದ್ಯರಿಗೆ ಎರಡನೆಯ ನೋಟದ ಅವಕಾಶವೇ ಇಲ್ಲ, ರೋಗಿ ಮರುದಿನ ಬೇರೆ ಜಿಲ್ಲೆಯಲ್ಲಿರುತ್ತಾರೆ. ಅಂಥ ಕಡೆ ಬರೆದುಕೊಟ್ಟ ಚೀಟಿಯೇ ಎಲ್ಲ. ಅದರಲ್ಲಿ ಔಷಧದ ಹೆಸರಿನ ಜೊತೆಗೆ "ಇಂಥ ರೋಗದ ಅನುಮಾನ, ಇಂಥ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಿ" ಎಂಬ ಎರಡು ಸಾಲು ಕನ್ನಡದಲ್ಲಿ ಇದ್ದರೆ, ಓದಬಲ್ಲ ಮಗನೋ ಮಗಳೋ ಮನೆಯಲ್ಲಿ ಕಾವಲಿರುತ್ತಾರೆ.

ನೀವು ದವಾಖಾನೆಯಿಂದ ಏಳುವ ಮೊದಲು ಮೂರು ಮಾತು ಕೇಳಿ. "ಇದು ಏನಿರಬಹುದ್ರಿ? ಬೇರೆ ಏನರ ಇರಬಹುದೇನ್ರಿ? ಮತ್ತ ಯಾವಾಗ ಬರಲಿ, ಸಾಹೇಬ್ರ?" ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ. ರಕ್ತ ಕೊಟ್ಟು ಬಂದಿದ್ದರೆ ರಿಪೋರ್ಟನ್ನು ತಂದು ತೋರಿಸುವವರೆಗೆ ಆ ಪರೀಕ್ಷೆ ಮುಗಿದಿಲ್ಲ. ಫೋನ್ ಬರಲಿಲ್ಲ, ಅಂದ ಮೇಲೆ ಎಲ್ಲ ಸರಿಯಿದೆ ಎಂದು ತಿಳಿಯಬೇಡಿ. ರಿಪೋರ್ಟು ಲ್ಯಾಬಿನ ಮೇಜಿನ ಮೇಲೆ ಉಳಿದುಹೋಗಿರಬಹುದು. ನೀವು ಮಾಡುವ ಕೆಲಸವನ್ನೂ ಹೇಳಿ. ಇಟಲಿಯ ವೈದ್ಯ ರಾಮಝಿನಿ 1700ರಲ್ಲೇ, ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ "ನಿಮ್ಮ ಕಸುಬು ಏನು?" ಎಂಬುದೂ ಇರಬೇಕೆಂದು ಬರೆದರು. ನಮ್ಮ ಎರೆಭೂಮಿಯಲ್ಲಿ ಹತ್ತಿಗೆ ಎಣ್ಣೆ ಹೊಡೆದು ಬಂದವನಿಗೆ ವಾಂತಿ, ಬೆವರು, ಬಾಯಲ್ಲಿ ನೀರು ಬರುತ್ತಿದ್ದರೆ ಅದು ಬಿಸಿಲಿನ ಹೊಡೆತವೋ ಕೀಟನಾಶಕದ ವಿಷವೋ ಎಂದು ವೈದ್ಯರಿಗೆ ತಿಳಿಯುವುದು, ನಿನ್ನೆ ಪಂಪು ಬೆನ್ನಿಗಿತ್ತು ಎಂಬ ಮಾತಿನಿಂದ.

ಕೊನೆಗೆ ನನ್ನ ವೃತ್ತಿಬಾಂಧವರ ಪರವಾಗಿ ನಿಮ್ಮಲ್ಲೊಂದು ಕೋರಿಕೆ. ಹಳ್ಳಿಯಲ್ಲಿ ಮೊದಲು ನೋಡಿದ ವೈದ್ಯರಿಗೆ, ತಾವು ಕಳಿಸಿದ ರೋಗಿಗೆ ಮುಂದೆ ಏನಾಯಿತೆಂದು ಗೊತ್ತೇ ಆಗುವುದಿಲ್ಲ. ಗ್ಯಾಸ್ ಎಂದುಕೊಂಡದ್ದು ಹೃದಯಾಘಾತವಾಗಿತ್ತು, ಟೈಫಾಯ್ಡ್ ಎಂದದ್ದು ಸ್ಕ್ರಬ್ ಟೈಫಸ್ ಆಗಿತ್ತು ಎಂಬ ಸುದ್ದಿ ಬೆಳಗಾವಿ ಹುಬ್ಬಳ್ಳಿಯ ಆಸ್ಪತ್ರೆಗಳಲ್ಲೇ ಉಳಿಯುತ್ತದೆ. ತಾಯಿ ಮರಣವಾದರೆ ಕಾರಣ ಹುಡುಕಿ ಚರ್ಚಿಸುವ ವ್ಯವಸ್ಥೆ ಸರ್ಕಾರದಲ್ಲಿದೆ. ಬದಲಾದ ರೋಗನಿರ್ಣಯಗಳನ್ನೂ ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ, ಯಾರನ್ನೂ ದೂರದೆ, ಕೂತು ಓದುವಂತಾಗಬೇಕು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದ್ದರಿಂದ ಆ ಒಂದು ವಿಷಯದಲ್ಲಾದರೂ ದಾಖಲೆ ಕೂಡತೊಡಗಿದೆ. ಉಳಿದದ್ದಕ್ಕೆ ಸದ್ಯಕ್ಕೆ ನೀವೇ ದಾರಿ. ದೊಡ್ಡಾಸ್ಪತ್ರೆಯಿಂದ ಆರಾಮಾಗಿ ಮನೆಗೆ ಬಂದ ಮೇಲೆ ಡಿಸ್ಚಾರ್ಜ್ ಕಾರ್ಡಿನ ಒಂದು ಜೆರಾಕ್ಸ್ ಮಾಡಿಸಿ, ಮೊದಲು ನಿಮ್ಮನ್ನು ನೋಡಿದ ವೈದ್ಯರಿಗೆ ಕೊಟ್ಟು ಬನ್ನಿ. ಅವರು ಹೇಳಿದ್ದು ತಪ್ಪಾಗಿದ್ದರೂ ಕೊಡಿ. ಅದೇ ತೊಂದರೆ ಹೇಳಿಕೊಂಡು ನಾಳೆ ಇನ್ನೊಬ್ಬರು ಅದೇ ಕುರ್ಚಿಯಲ್ಲಿ ಬಂದು ಕೂರುತ್ತಾರೆ.